ಉಗಿ, ನೀರು, ಹೊಣೆ: ಅಮೆರಿಕದ ಉಗಿಹಡಗುಗಳ ದುರಂತಚರಿತ್ರೆ

ಹಡಗಿನ ದುರಂತವೆಂದೊಡನೆ ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಗಳ ಬಾಯಿಗೆ ಬರುವ ಹೆಸರು ಒಂದೇ: ಟೈಟಾನಿಕ್. 1912ರ ಆ ದುರಂತ ಚಲನಚಿತ್ರವಾಗಿ, ಕಥೆಯಾಗಿ, ಮಾತುಮಾತಿಗೆ ಬಳಕೆಯಾಗುವ ಉಪಮೆಯಾಗಿ ಲೋಕದ ಸ್ಮೃತಿಯಲ್ಲಿ ನೆಲೆಗೊಂಡಿದೆ. ಆದರೆ ಅದಕ್ಕೆ 47 ವರ್ಷ ಮೊದಲು, 1865ರ ಏಪ್ರಿಲ್ 27ರ ನಟ್ಟಿರುಳು ಕಳೆದ ಮೇಲೆ, ಮಿಸಿಸಿಪ್ಪಿ ನದಿಯ ನಡುವೆ ಸುಲ್ತಾನಾ ಎಂಬ ಉಗಿಹಡಗು ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ಜಲಸಂಚಾರದ ಚರಿತ್ರೆಯಲ್ಲಿಯೇ ಅತ್ಯಂತ ಹೆಚ್ಚು ಜೀವಗಳನ್ನು ತೆಗೆದ ದುರಂತವಿದು. ಇದರ ಹೆಸರನ್ನು ಕೇಳಿದವರು ಅಮೆರಿಕದಲ್ಲಿಯೂ ಕಡಿಮೆ.

ಒಂದು ದುರಂತ ಏಕೆ ನೆನಪಿನಲ್ಲಿ ಉಳಿಯುತ್ತದೆ, ಇನ್ನೊಂದು ಏಕೆ ಅಳಿಯುತ್ತದೆ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಬಂಧಿಸಿದ ಪ್ರಶ್ನೆ. ಅದರೊಂದಿಗೆ ಬೆಸೆದುಕೊಂಡ ಮತ್ತೊಂದು ಪ್ರಶ್ನೆಯಿದೆ: ಇಷ್ಟು ಸಾವುಗಳಿಗೆ ಹೊಣೆ ಯಾರು? ಅಮೆರಿಕದ ಉಗಿಹಡಗುಗಳ ಚರಿತ್ರೆಯನ್ನು ಈ ಎರಡನೆಯ ಪ್ರಶ್ನೆಯ ಬೆಳಕಿನಲ್ಲಿ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ನದಿಯ ಮೇಲೆ ಉಗಿಯ ಆಳ್ವಿಕೆ

1807ರ ಆಗಸ್ಟ್‌ನಲ್ಲಿ ರಾಬರ್ಟ್ ಫುಲ್ಟನ್‌ನ ಉಗಿದೋಣಿ ನ್ಯೂಯಾರ್ಕಿನಿಂದ ಹಡ್ಸನ್ ನದಿಯಲ್ಲಿ ಮೇಲ್ಮುಖವಾಗಿ ಸುಮಾರು 150 ಮೈಲಿ ಸಾಗಿ ಆಲ್ಬನಿಯನ್ನು ಮುಟ್ಟಿತು. ನಾಲ್ಕೇ ವರ್ಷಗಳಲ್ಲಿ, 1811ರಲ್ಲಿ, ನ್ಯೂ ಆರ್ಲಿಯನ್ಸ್ ಎಂಬ ಹಡಗು ಪಿಟ್ಸ್‌ಬರ್ಗಿನಿಂದ ಹೊರಟು ಒಹಾಯೊ ಮತ್ತು ಮಿಸಿಸಿಪ್ಪಿ ನದಿಗಳ ಮೂಲಕ ದಕ್ಷಿಣದ ಬಂದರಿಗೆ ಇಳಿಯಿತು. ಅಲ್ಲಿಯವರೆಗೆ ಆ ನದಿಗಳಲ್ಲಿ ಸರಕು ಕೆಳಗಿಳಿಯುವುದು ಸುಲಭ, ಮೇಲೇರುವುದು ತಿಂಗಳುಗಳ ಶ್ರಮ. ಪ್ರವಾಹಕ್ಕೆ ಎದುರಾಗಿ ಸಾಗಬಲ್ಲ ಯಂತ್ರ ಬಂದಾಗ ಒಂದು ಭೂಖಂಡದ ಒಳನಾಡೇ ತೆರೆದುಕೊಂಡಿತು. ಹತ್ತಿ, ಸಕ್ಕರೆ, ಧಾನ್ಯ, ವಲಸಿಗರು, ಮಾರಾಟಕ್ಕೆ ಸಾಗಿಸಲಾಗುತ್ತಿದ್ದ ಗುಲಾಮರು, ಎಲ್ಲರೂ ಎಲ್ಲವೂ ಈ ಹಡಗುಗಳನ್ನೇರಿದರು.

ಪಶ್ಚಿಮದ ನದಿಗಳಲ್ಲಿ ಓಡುತ್ತಿದ್ದ ಹಡಗುಗಳಿಗೂ ಪೂರ್ವ ಕರಾವಳಿಯ ಹಡಗುಗಳಿಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ಮಿಸಿಸಿಪ್ಪಿಯ ರಭಸವಾದ ಸೆಳವಿಗೂ ಅಲ್ಲಲ್ಲಿ ಆಳವಿಲ್ಲದ ನೀರಿಗೂ ಹಗುರವಾದ, ಅಗ್ಗವಾದ, ಬಲವಾದ ಯಂತ್ರ ಬೇಕಾಗಿತ್ತು. ಹೆಚ್ಚಿನ ಒತ್ತಡದ ಉಗಿಯನ್ನು ಬಳಸುವ ಎಂಜಿನ್ ಈ ಅಗತ್ಯವನ್ನು ಪೂರೈಸಿತು. ಬಾಯ್ಲರ್‌ಗೆ ಊಡುತ್ತಿದ್ದುದು ಅದೇ ನದಿಯ ಕೆಸರುನೀರು. ಕೆಸರು ತಳದಲ್ಲಿ ನಿಂತರೆ ಶಾಖ ನೀರಿಗೆ ಸರಿಯಾಗಿ ದಾಟದೆ ಕಬ್ಬಿಣವೇ ಕಾಯುತ್ತದೆ. ನೀರಿನ ಮಟ್ಟ ಇಳಿದರೆ ಬೆಂಕಿಗೆ ಒಡ್ಡಿಕೊಂಡ ತಗಡು ಕೆಂಪಾಗಿ ಮೆತ್ತಗಾಗುತ್ತದೆ. ಆಗ ಒಳಗಿನ ಒತ್ತಡವನ್ನು ಅದು ತಡೆಯಲಾರದು. ಇಷ್ಟು ಸರಳವಾದ ಸಂಗತಿಯೂ ಆ ಕಾಲಕ್ಕೆ ವಿವಾದದ ವಿಷಯವಾಗಿತ್ತು. ಬಾಯ್ಲರ್‌ನಲ್ಲಿ ಯಾವುದೋ ಸ್ಫೋಟಕ ಅನಿಲ ತಾನಾಗಿ ಹುಟ್ಟಿಕೊಳ್ಳುತ್ತದೆಂದು ನಂಬಿದವರಿದ್ದರು. ಹಾಗೆ ನಂಬುವುದರಲ್ಲಿ ಒಂದು ಅನುಕೂಲವೂ ಇತ್ತು: ಕಾರಣ ನಿಗೂಢವಾದರೆ ತಪ್ಪು ಯಾರದೂ ಅಲ್ಲ. 1830ರ ದಶಕದಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಸರ್ಕಾರದ ಹಣದಿಂದಲೇ ಪ್ರಯೋಗಗಳನ್ನು ನಡೆಸಿ ಈ ಊಹೆಯನ್ನು ಅಲ್ಲಗಳೆಯಿತು. ಅಮೆರಿಕದ ಒಕ್ಕೂಟ ಸರ್ಕಾರ ವೈಜ್ಞಾನಿಕ ಸಂಶೋಧನೆಗೆ ಧನಸಹಾಯ ಕೊಟ್ಟ ಮೊದಲ ನಿದರ್ಶನಗಳಲ್ಲಿ ಇದೂ ಒಂದೆಂಬುದು ಗಮನಾರ್ಹ.

ಎರಡು ಶಾಸನಗಳು

1838ರ ಏಪ್ರಿಲ್‌ನಲ್ಲಿ ಮೊಸೆಲ್ ಎಂಬ ಹೊಸ ಹಡಗು ಸಿನ್ಸಿನಾಟಿಯ ದಡದ ಬಳಿಯೇ ಸಿಡಿಯಿತು. ಜೂನ್‌ನಲ್ಲಿ ಪುಲಾಸ್ಕಿ ಎಂಬ ಹಡಗಿನ ಬಾಯ್ಲರ್ ಉತ್ತರ ಕೆರೊಲಿನಾದ ಕರಾವಳಿಯಾಚೆ ರಾತ್ರಿ ಹೊತ್ತಿನಲ್ಲಿ ಒಡೆಯಿತು. ಎರಡು ತಿಂಗಳ ಅಂತರದಲ್ಲಿ ನಡೆದ ಈ ಘಟನೆಗಳ ಬೆನ್ನಿಗೇ, ಜುಲೈ 7ರಂದು, ಅಮೆರಿಕದ ಕಾಂಗ್ರೆಸ್ ಉಗಿಹಡಗುಗಳ ಪ್ರಯಾಣಿಕರ ರಕ್ಷಣೆಗಾಗಿ ತನ್ನ ಮೊದಲ ಕಾನೂನನ್ನು ಅಂಗೀಕರಿಸಿತು. ಹಡಗಿನ ಒಡಲನ್ನು ವರ್ಷಕ್ಕೊಮ್ಮೆ, ಬಾಯ್ಲರನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂಬ ವಿಧಿ ಬಂದಿತು. ಬಾಯ್ಲರ್ ಸಿಡಿದರೆ ಆ ಸಿಡಿತವೇ ನಿರ್ಲಕ್ಷ್ಯಕ್ಕೆ ಮೇಲ್ನೋಟದ ಸಾಕ್ಷ್ಯವೆಂದು ಕಾನೂನು ಸಾರಿತು. ಕ್ಯಾಪ್ಟನ್, ಎಂಜಿನಿಯರ್, ಪೈಲಟ್ ಮುಂತಾದವರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಅದು ನರಹತ್ಯೆಯ ಅಪರಾಧ, ಹತ್ತು ವರ್ಷಗಳವರೆಗೆ ಕಠಿಣ ಸಜೆ. ನಿಗೂಢ ಅನಿಲದ ವಾದಕ್ಕೆ ಶಾಸನವೇ ಕೊಟ್ಟ ಉತ್ತರ ಇದೆನ್ನಬಹುದು. ಆದರೆ ತಪಾಸಕನ ಶುಲ್ಕವನ್ನು ಕೊಡಬೇಕಾದವನು ಹಡಗಿನ ಮಾಲೀಕನೇ. ತಪಾಸಣೆ ಹೇಗೆ ನಡೆಯಬೇಕೆಂಬ ಸ್ಪಷ್ಟ ಅಳತೆಗೋಲೂ ಇರಲಿಲ್ಲ.

ಎರಡನೆಯ ಶಾಸನಕ್ಕೂ ಒಂದು ದುರಂತವೇ ಮೂಲ. 1840ರ ಜನವರಿಯಲ್ಲಿ ಲಾಂಗ್ ಐಲೆಂಡ್ ಕೊಲ್ಲಿಯಲ್ಲಿ ಲೆಕ್ಸಿಂಗ್ಟನ್ ಎಂಬ ಹಡಗು, ಮೇಲಟ್ಟದಲ್ಲಿ ಒಟ್ಟಿದ್ದ ಹತ್ತಿಯ ಅಂಡಿಗೆಗಳಿಗೆ ಕಿಡಿ ಹತ್ತಿ ಉರಿದುಹೋಯಿತು. 140ಕ್ಕೂ ಹೆಚ್ಚು ಜನರಲ್ಲಿ ಬದುಕುಳಿದವರು ನಾಲ್ವರು. ಅದರಲ್ಲಿ ಬ್ಯಾಂಕೊಂದರ ಹಣವೂ ನಾಶವಾಯಿತು. ಆ ನಷ್ಟವನ್ನು ಹಡಗಿನ ಕಂಪನಿ ತುಂಬಿಕೊಡಬೇಕೆಂದು 1848ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹಡಗು ಮಾಲೀಕರು ಬೆಚ್ಚಿದರು. 1851ರಲ್ಲಿ ಕಾಂಗ್ರೆಸ್ ಅವರ ನೆರವಿಗೆ ಬಂದಿತು. ಮಾಲೀಕನ ಅರಿವಿಲ್ಲದೆ, ಅವನ ಪಾಲಿಲ್ಲದೆ ಅವಘಡ ನಡೆದಿದ್ದರೆ, ಅವನ ಹೊಣೆ ಆ ಹಡಗಿನ ಮತ್ತು ಆ ಯಾನದ ಬಾಡಿಗೆಯ ಮೌಲ್ಯವನ್ನು ಮೀರತಕ್ಕದ್ದಲ್ಲ ಎಂದು ಹೊಸ ಕಾನೂನು ವಿಧಿಸಿತು. ಹಡಗು ಮುಳುಗಿದ್ದರೆ ಉಳಿದ ಅವಶೇಷದ ಬೆಲೆಯೇ ಹೊಣೆಯ ಮಿತಿ. ಮೊದಲು ಒಳನಾಡಿನ ನದಿಗಳಿಗೆ ಅನ್ವಯಿಸದಿದ್ದ ಈ ರಿಯಾಯಿತಿಯನ್ನು 1886ರಲ್ಲಿ ಅಲ್ಲಿಗೂ ವಿಸ್ತರಿಸಲಾಯಿತು.

ಈ ಎರಡು ಶಾಸನಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. ಒಂದರ ಪ್ರಕಾರ ಸೆರೆಮನೆ ಕಾಯುತ್ತಿರುವುದು ಹಡಗಿನ ಮೇಲೆ ನಿಂತು ಕೆಲಸ ಮಾಡುವವನಿಗೆ. ಇನ್ನೊಂದರ ಪ್ರಕಾರ ಹಡಗಿನ ಒಡೆಯನಿಗೆ ತನ್ನ ಹಡಗಿನ ಸ್ಥಿತಿಯನ್ನು ಅರಿಯದಿರುವುದೇ ಲಾಭಕರ. ಮುಂದಿನ ಅರವತ್ತು ಎಪ್ಪತ್ತು ವರ್ಷಗಳ ದುರಂತಗಳ ವಿಚಾರಣೆ ಬಹುಮಟ್ಟಿಗೆ ಈ ಎರಡು ಗೆರೆಗಳ ನಡುವೆಯೇ ಸಾಗಿತು.

1852ರ ಜುಲೈನಲ್ಲಿ ಹಡ್ಸನ್ ನದಿಯಲ್ಲಿ ಇನ್ನೊಂದು ಹಡಗಿನೊಡನೆ ಪಂದ್ಯಕ್ಕಿಳಿದಿದ್ದ ಹೆನ್ರಿ ಕ್ಲೇ ಎಂಬ ಹಡಗು ಬೆಂಕಿಗೆ ಆಹುತಿಯಾಯಿತು. ಸತ್ತವರಲ್ಲಿ ಉದ್ಯಾನಶಿಲ್ಪಿ ಆಂಡ್ರ್ಯೂ ಜಾಕ್ಸನ್ ಡೌನಿಂಗ್ ಇದ್ದರು. ಕಾದಂಬರಿಕಾರ ನಥಾನಿಯೆಲ್ ಹಾಥಾರ್ನ್‌ನ ತಂಗಿ ಮರಿಯಾ ಲೂಯಿಸಾ ಇದ್ದಳು. ಮುಂದಿನ ತಿಂಗಳೇ ಇನ್ನಷ್ಟು ಬಿಗಿಯಾದ ಕಾನೂನು ಬಂದು, ಎಂಜಿನಿಯರ್ ಮತ್ತು ಪೈಲಟ್‌ಗಳಿಗೆ ಪರವಾನಗಿ, ನೀರಿನ ಒತ್ತಡದಿಂದ ಬಾಯ್ಲರ್‌ಗಳ ಪರೀಕ್ಷೆ, ಒಂಬತ್ತು ಮಂದಿ ಮೇಲ್ವಿಚಾರಕ ತಪಾಸಕರು, ಇವೆಲ್ಲ ಜಾರಿಗೆ ಬಂದವು. ಹೆನ್ರಿ ಕ್ಲೇಯ ಮಾಲೀಕರೂ ಅಧಿಕಾರಿಗಳೂ ಮಾತ್ರ ವಿಚಾರಣೆಯಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದರು.

ಸಾಗರದ ಎರಡು ಚಿತ್ರಗಳು

ನದಿಯನ್ನು ಬಿಟ್ಟು ಸಾಗರಕ್ಕೆ ಬಂದರೆ, ಒಂದೇ ದಶಕದ ಎರಡು ದುರಂತಗಳು ಪರಸ್ಪರ ಕನ್ನಡಿ ಹಿಡಿಯುತ್ತವೆ. ಸರ್ಕಾರದ ಅಂಚೆ ಸಹಾಯಧನ ಪಡೆದು ಬ್ರಿಟಿಷರೊಂದಿಗೆ ಸ್ಪರ್ಧೆಗಿಳಿದ ಕಾಲಿನ್ಸ್ ಕಂಪನಿಯ ಆರ್ಕ್ಟಿಕ್ ಎಂಬ ವೈಭವೋಪೇತ ಹಡಗು 1854ರ ಸೆಪ್ಟೆಂಬರ್ 27ರಂದು, ನ್ಯೂಫೌಂಡ್‌ಲ್ಯಾಂಡಿನ ಬಳಿ ಮಂಜಿನಲ್ಲಿ ವೆಸ್ಟಾ ಎಂಬ ಫ್ರೆಂಚ್ ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಸುಮಾರು 400 ಜನರಿಗೆ ಇದ್ದುದು ಆರು ಜೀವರಕ್ಷಕ ದೋಣಿಗಳು. ಅವುಗಳನ್ನು ಬಹುಪಾಲು ನಾವಿಕರೇ ಹಿಡಿದುಕೊಂಡರು. ಹಡಗಿನಲ್ಲಿದ್ದ ಹೆಂಗಸರು, ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಕಂಪನಿಯ ಒಡೆಯ ಕಾಲಿನ್ಸ್‌ನ ಹೆಂಡತಿ ಮತ್ತು ಇಬ್ಬರು ಮಕ್ಕಳೂ ಸತ್ತವರಲ್ಲಿದ್ದರು.

ಮೂರು ವರ್ಷಗಳ ಅನಂತರ, 1857ರ ಸೆಪ್ಟೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಚಿನ್ನವನ್ನು ಹೊತ್ತು ನ್ಯೂಯಾರ್ಕಿಗೆ ಬರುತ್ತಿದ್ದ ಸೆಂಟ್ರಲ್ ಅಮೆರಿಕ ಎಂಬ ಹಡಗು ಬಿರುಗಾಳಿಗೆ ಸಿಕ್ಕಿತು. ಕ್ಯಾಪ್ಟನ್ ವಿಲಿಯಂ ಲೂಯಿಸ್ ಹರ್ನ್‌ಡನ್ ಹೆಂಗಸರನ್ನೂ ಮಕ್ಕಳನ್ನೂ ಮೊದಲು ಸಮೀಪಕ್ಕೆ ಬಂದ ಹಾಯಿಹಡಗೊಂದಕ್ಕೆ ದಾಟಿಸಿ, ತಾನು ಹಡಗಿನೊಡನೆ ಮುಳುಗಿದನು. ಸತ್ತವರು ಸುಮಾರು 425. ಹರ್ನ್‌ಡನ್‌ನ ನಡತೆ ಆದರ್ಶವಾಗಿ ಉಳಿಯಿತು. ವರ್ಜೀನಿಯಾದಲ್ಲಿ ಅವನ ಹೆಸರಿನ ಊರೇ ಇದೆ. ಆದರೆ ಒಬ್ಬ ವ್ಯಕ್ತಿಯ ಶೀಲವನ್ನು ನೆಚ್ಚಿ ಪ್ರಯಾಣಿಕರ ರಕ್ಷಣೆಯನ್ನು ಏರ್ಪಡಿಸಲಾಗದು. ಕಾಲಿನ್ಸ್‌ನ ಹಡಗಿನಲ್ಲಿ ಕೊರತೆಯಾದದ್ದು ಶೀಲವಷ್ಟೇ ಅಲ್ಲ, ದೋಣಿಗಳೂ ಕೂಡ.

ಸುಲ್ತಾನಾ

ಸುಲ್ತಾನಾ 1863ರಲ್ಲಿ ಸಿನ್ಸಿನಾಟಿಯಲ್ಲಿ ನೀರಿಗಿಳಿದ ಹಡಗು. ಅದಕ್ಕೆ ಕಾನೂನು ಅನುಮತಿಸಿದ್ದ ಜನರ ಸಂಖ್ಯೆ 376. 1865ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಮುಗಿಯುತ್ತ ಬಂದಿತ್ತು. ದಕ್ಷಿಣದವರ ಆಂಡರ್ಸನ್‌ವಿಲ್ ಮತ್ತು ಕಹಾಬಾ ಸೆರೆಶಿಬಿರಗಳಲ್ಲಿ ಹಸಿವು ರೋಗಗಳಿಂದ ಅಸ್ಥಿಪಂಜರಗಳಂತಾಗಿದ್ದ ಒಕ್ಕೂಟದ ಸೈನಿಕರು ಬಿಡುಗಡೆಗೊಂಡು ವಿಕ್ಸ್‌ಬರ್ಗಿನ ಬಳಿ ಸೇರಿದ್ದರು. ಅವರನ್ನು ಉತ್ತರಕ್ಕೆ ಸಾಗಿಸಲು ಸರ್ಕಾರ ಸೈನಿಕನೊಬ್ಬನಿಗೆ 5 ಡಾಲರ್, ಅಧಿಕಾರಿಯೊಬ್ಬನಿಗೆ 10 ಡಾಲರ್ ಕೊಡುತ್ತಿತ್ತು. ಹಡಗಿನ ಕ್ಯಾಪ್ಟನ್ ಕ್ಯಾಸ್ ಮೇಸನ್‌ಗೆ ಹಡಗಿನಲ್ಲಿ ಪಾಲೂ ಇತ್ತು. ತಲೆಯೊಂದಕ್ಕೆ ಇಷ್ಟೆಂದು ಹಣ ಸಿಗುವಾಗ ತಲೆಗಳ ಸಂಖ್ಯೆ ಹೆಚ್ಚಿದಷ್ಟೂ ಲಾಭ. ಸೈನ್ಯದ ಸರಬರಾಜು ಅಧಿಕಾರಿ ರೂಬೆನ್ ಹ್ಯಾಚ್ ಲಂಚಕ್ಕೆ ಕೈಯೊಡ್ಡಿದ್ದನೆಂಬ ಬಲವಾದ ಶಂಕೆ ಅಂದಿನಿಂದಲೂ ಇದೆ.

ವಿಕ್ಸ್‌ಬರ್ಗಿಗೆ ಬರುವಾಗಲೇ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಸೋರುತ್ತಿತ್ತು. ಕರೆಸಿದ ಕುಶಲಕರ್ಮಿ ದೊಡ್ಡ ದುರಸ್ತಿಯೇ ಆಗಬೇಕೆಂದನು. ಅದಕ್ಕೆ ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ಸೈನಿಕರು ಬೇರೆ ಹಡಗಿನ ಪಾಲಾಗುತ್ತಾರೆ. ಕೊನೆಗೆ ಮೂಲ ತಗಡಿಗಿಂತ ತೆಳುವಾದ ತೇಪೆಯೊಂದನ್ನು ಹಾಕಿಸಿ ಕೆಲಸ ಮುಗಿಸಲಾಯಿತು. ಹೆಚ್ಚುಕಡಿಮೆ ಖಾಲಿಯಾಗಿದ್ದ ಮತ್ತೊಂದು ಹಡಗು ಅದೇ ದಡದಲ್ಲಿ ನಿಂತಿದ್ದರೂ 2,000ಕ್ಕೂ ಹೆಚ್ಚು ಜನರನ್ನು ಸುಲ್ತಾನಾಕ್ಕೇ ತುಂಬಲಾಯಿತು. ಏಪ್ರಿಲ್ 26ರಂದು ಹೆಲೆನಾ ಎಂಬ ಊರಿನಲ್ಲಿ ತೆಗೆದ ಛಾಯಾಚಿತ್ರ ಇಂದಿಗೂ ಲಭ್ಯವಿದೆ. ಅಟ್ಟಗಳ ಮೇಲೆ, ಮಾಡಿನ ಮೇಲೆ, ಕಾಲಿಡಲು ತಾವಿಲ್ಲದಂತೆ ಮನುಷ್ಯರು. ಅವರಲ್ಲಿ ಬಹುಪಾಲು ಜನ ಮನೆಗೆ ಮರಳುವ ಸಂತೋಷದಲ್ಲಿದ್ದವರು.

ಆ ರಾತ್ರಿ ಮೆಂಫಿಸ್ ದಾಟಿ ಏಳು ಮೈಲಿ ಸಾಗುವಷ್ಟರಲ್ಲಿ, ಸುಮಾರು ಎರಡು ಗಂಟೆಗೆ, ಬಾಯ್ಲರ್‌ಗಳು ಸಿಡಿದವು. ವಸಂತದ ನೆರೆಯಿಂದ ನದಿ ಮೈಲಿಗಟ್ಟಲೆ ಹರಡಿತ್ತು, ನೀರು ಕೊರೆಯುತ್ತಿತ್ತು. ಹಡಗಿನಲ್ಲಿದ್ದ ಜೀವರಕ್ಷಕ ಕವಚಗಳು 76. ಸಿಡಿತದಿಂದ ಉಳಿದವರು ಬೆಂಕಿಗೂ, ಬೆಂಕಿಯಿಂದ ತಪ್ಪಿಸಿಕೊಂಡವರು ನೀರಿಗೂ ಬಲಿಯಾದರು. ಅಧಿಕೃತ ಲೆಕ್ಕ 1,547 ಎನ್ನುತ್ತದೆ. 1,800 ಎನ್ನುವ ಲೆಕ್ಕವೂ, ಇತ್ತೀಚಿನ ಸಂಶೋಧನೆಯಿಂದ ಬಂದ 1,169 ಎಂಬ ಲೆಕ್ಕವೂ ಇದೆ. ಈ ಅಂತರಕ್ಕೆ ಕಾರಣ ದುರಂತವಲ್ಲ, ದುರಂತಕ್ಕೆ ಮೊದಲಿನ ಅವಸರ. ಹತ್ತಿಸಿದವರ ಪಟ್ಟಿಯನ್ನು ಸರಿಯಾಗಿ ಬರೆದುಕೊಳ್ಳುವ ತಾಳ್ಮೆಯನ್ನು ಯಾರೂ ತೋರಿರಲಿಲ್ಲ. ಸತ್ತವರನ್ನು ಎಣಿಸಲಾಗದ್ದಕ್ಕೆ ಕಾರಣ, ಬದುಕಿದ್ದಾಗ ಅವರನ್ನು ಎಣಿಸದೆ ಬಿಟ್ಟದ್ದು.

ಅಧ್ಯಕ್ಷ ಲಿಂಕನ್‌ರ ಹತ್ಯೆಯಾಗಿ ಎರಡು ವಾರವೂ ಆಗಿರಲಿಲ್ಲ. ಹಂತಕ ಬೂತ್ ಹತನಾದದ್ದು ಏಪ್ರಿಲ್ 26ರಂದು, ಅಂದರೆ ಸುಲ್ತಾನಾ ಸಿಡಿಯುವ ಹಿಂದಿನ ದಿನ. ಪತ್ರಿಕೆಗಳ ಮೊದಲ ಪುಟಗಳು ತುಂಬಿಹೋಗಿದ್ದವು. ನಾಲ್ಕು ವರ್ಷ ಲಕ್ಷಗಟ್ಟಲೆ ಸಾವು ಕಂಡ ದೇಶಕ್ಕೆ ಇನ್ನೊಂದು ಸಾವಿರದ ಸುದ್ದಿ ಮೂಲೆಯ ಸುದ್ದಿಯಾಯಿತು. ವಿಚಾರಣೆಯ ಫಲವೂ ಅಂಥದೇ. ಕ್ಯಾಪ್ಟನ್ ಮೇಸನ್ ಸತ್ತಿದ್ದನು. ಹ್ಯಾಚ್ ಸೈನ್ಯವನ್ನು ಬಿಟ್ಟುಹೋಗಿ ಸೈನಿಕ ನ್ಯಾಯಾಲಯದ ಕೈಗೆ ಸಿಗಲಿಲ್ಲ. ಕ್ಯಾಪ್ಟನ್ ಫ್ರೆಡರಿಕ್ ಸ್ಪೀಡ್ ಎಂಬ ಒಬ್ಬ ಅಧಿಕಾರಿಗೆ ಮಾತ್ರ ಶಿಕ್ಷೆ ವಿಧಿಸಲಾಯಿತು; ಅದೂ ಮೇಲಿನ ಹಂತದಲ್ಲಿ ರದ್ದಾಯಿತು. ಮುಂದೆ ನದಿಯೇ ತನ್ನ ಪಾತ್ರವನ್ನು ಬದಲಿಸಿತು. 1982ರಲ್ಲಿ ಸುಲ್ತಾನಾದ್ದೆಂದು ನಂಬಲಾದ ಅವಶೇಷಗಳು ಕಂಡದ್ದು ಅರ್ಕನ್ಸಾಸ್ ಕಡೆಯ ಸೋಯಾಬೀನ್ ಹೊಲವೊಂದರ ಮಣ್ಣಿನಡಿ.

ಸ್ಲೋಕಮ್ ಮತ್ತು ಈಸ್ಟ್‌ಲ್ಯಾಂಡ್

1871ರಲ್ಲಿ ಕಾನೂನು ಮತ್ತೊಮ್ಮೆ ಬಲಗೊಂಡು, ಉಗಿಹಡಗು ತಪಾಸಣೆಗೆ ಪ್ರತ್ಯೇಕ ಸರ್ಕಾರಿ ಸೇವೆಯೇ ರೂಪುಗೊಂಡಿತು. ಕಾಗದದ ಮೇಲೆ ವ್ಯವಸ್ಥೆ ಪೂರ್ಣವಾಗಿತ್ತು. 1904ರ ಜೂನ್ 15ರಂದು ಆ ಕಾಗದದ ಬೆಲೆ ತಿಳಿಯಿತು.

ನ್ಯೂಯಾರ್ಕಿನ ಜರ್ಮನ್ ವಲಸಿಗರ ಕೇರಿಯ ಸೇಂಟ್ ಮಾರ್ಕ್ ಲೂಥೆರನ್ ಚರ್ಚಿನವರು ಪ್ರತಿವರ್ಷದಂತೆ ವಿಹಾರಕ್ಕೆಂದು ಜನರಲ್ ಸ್ಲೋಕಮ್ ಎಂಬ ಹಡಗನ್ನು ಬಾಡಿಗೆಗೆ ಹಿಡಿದರು. ಅದು ಬುಧವಾರ, ಗಂಡಸರು ಕೆಲಸಕ್ಕೆ ಹೋಗಿದ್ದರು. ಹಡಗನ್ನೇರಿದ ಸುಮಾರು 1,350 ಜನರಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ಈಸ್ಟ್ ನದಿಯಲ್ಲಿ ಮುಂಭಾಗದ ದೀಪದ ಕೋಣೆಯಲ್ಲಿ ಬೆಂಕಿ ಕಾಣಿಸಿತು. ನಾವಿಕರು ಬಿಚ್ಚಿದ ನೀರಿನ ಕೊಳವೆ ಕೊಳೆತಿದ್ದುದರಿಂದ ಒತ್ತಡಕ್ಕೆ ಹರಿದುಹೋಯಿತು. ಜೀವರಕ್ಷಕ ಕವಚಗಳು 1891ರ ಕಾಲದವು. ಒಳಗಿನ ಕಾರ್ಕ್ ಪುಡಿಯಾಗಿತ್ತು. ತಾಯಂದಿರು ಮಕ್ಕಳಿಗೆ ಅವನ್ನು ಕಟ್ಟಿ ನೀರಿಗೆ ಬಿಟ್ಟರು, ಮಕ್ಕಳು ಮುಳುಗಿದರು. ದೋಣಿಗಳನ್ನು ಅವುಗಳ ತಾವಿನಿಂದ ಕೀಳಲಾಗಲಿಲ್ಲ. ಸತ್ತವರು 1,021. ಇದೇ ಹಡಗನ್ನು ಹಿಂದಿನ ತಿಂಗಳಷ್ಟೇ ತಪಾಸಕನೊಬ್ಬ ಪರೀಕ್ಷಿಸಿ ಎಲ್ಲವೂ ಸರಿಯಾಗಿದೆಯೆಂದು ಬರೆದಿದ್ದನು.

ವಯಸ್ಸಾದ ಕ್ಯಾಪ್ಟನ್ ವಿಲಿಯಂ ವಾನ್ ಶೈಕ್‌ಗೆ ಹತ್ತು ವರ್ಷಗಳ ಸಜೆಯಾಯಿತು. 1838ರ ಶಾಸನ ಹಾಕಿಕೊಟ್ಟ ಗರಿಷ್ಠ ಮಿತಿ ನೆನಪಾಗದಿರದು. ತಪಾಸಕನಿಗೆ ಶಿಕ್ಷೆಯಾಗಲಿಲ್ಲ, ಕಂಪನಿಯ ಮುಖ್ಯಸ್ಥರಿಗೂ ಆಗಲಿಲ್ಲ. ಕ್ಯಾಪ್ಟನ್ ನಿರ್ದೋಷಿಯೆಂದು ಇದರ ಅರ್ಥವಲ್ಲ. ಬೆಂಕಿ ನಂದಿಸುವ ಅಭ್ಯಾಸವನ್ನು ನಾವಿಕರಿಗೆ ಮಾಡಿಸದಿದ್ದುದು ಅವನ ತಪ್ಪೇ. ಆದರೆ ಕೊಳೆತ ಕೊಳವೆಯನ್ನು ಬದಲಿಸಲು ಹಣ ಕೊಡಬೇಕಾದವರು ಬೇರೆಡೆ ಇದ್ದರು. 1911ರಲ್ಲಿ ಅವನು ಪೆರೋಲಿನ ಮೇಲೆ ಹೊರಬಂದನು, 1912ರಲ್ಲಿ ಅಧ್ಯಕ್ಷ ಟಾಫ್ಟ್ ಅವನಿಗೆ ಕ್ಷಮಾದಾನವಿತ್ತರು.

1915ರ ಜುಲೈ 24ರ ಈಸ್ಟ್‌ಲ್ಯಾಂಡ್ ದುರಂತದ ವಿಡಂಬನೆ ಬೇರೆ ಬಗೆಯದು. ಷಿಕಾಗೊ ನದಿಯ ಕಟ್ಟೆಗೆ ಕಟ್ಟಿದ್ದ ಹಡಗು, ಕಾರ್ಖಾನೆಯೊಂದರ ಕೆಲಸಗಾರರ ಕುಟುಂಬಗಳನ್ನು ವಿಹಾರಕ್ಕೆ ಹತ್ತಿಸಿಕೊಂಡು, ಹೊರಡುವ ಮೊದಲೇ ಮಗ್ಗುಲಿಗೆ ಉರುಳಿತು. ದಡದಿಂದ ಕೆಲವೇ ಅಡಿಗಳ ದೂರದಲ್ಲಿ 844 ಜನ ಸತ್ತರು. ಹಡಗು ಮೊದಲಿನಿಂದಲೂ ತಲೆಭಾರದ್ದೆಂದು ಹೆಸರಾಗಿತ್ತು. ಟೈಟಾನಿಕ್‌ನ ಅನಂತರ ಎಲ್ಲರಿಗೂ ಸಾಲುವಷ್ಟು ದೋಣಿಗಳಿರಬೇಕೆಂಬ ಒತ್ತಾಯ ಬಂದು, ಅದೇ ತಿಂಗಳು ಮೇಲಟ್ಟದಲ್ಲಿ ಇನ್ನಷ್ಟು ದೋಣಿ ತೆಪ್ಪಗಳನ್ನು ಹೇರಲಾಗಿತ್ತು. ಹಡಗಿನ ದೇಹಸ್ಥಿತಿಯನ್ನು ವಿಚಾರಿಸದೆ ಹೇರಿದ ರಕ್ಷಣೆಯೇ ಭಾರವಾಯಿತು. ಇಪ್ಪತ್ತು ವರ್ಷ ಎಳೆದ ಮೊಕದ್ದಮೆ 1935ರಲ್ಲಿ ಮುಗಿದಾಗ, ಹಡಗು ಯಾನಯೋಗ್ಯವೇ ಆಗಿತ್ತು, ತಪ್ಪು ಎಂಜಿನಿಯರನದು, ಕಂಪನಿ ಹೊಣೆಯಲ್ಲ ಎಂದು ನ್ಯಾಯಾಲಯ ಹೇಳಿತು. ಆ ಎಂಜಿನಿಯರ್ ಆ ವೇಳೆಗೆ ಬದುಕಿರಲಿಲ್ಲ.

ಹೊಣೆ ಹೊತ್ತವನೊಬ್ಬ

ಸಾಹಿತ್ಯ ಈ ಚರಿತ್ರೆಯನ್ನು ಪೂರ್ತಿಯಾಗಿ ಮರೆತಿಲ್ಲ. ಜೇಮ್ಸ್ ಜಾಯ್ಸ್‌ನ ಯುಲಿಸಿಸ್ ಕಾದಂಬರಿಯ ಕಥೆ ನಡೆಯುವುದು 1904ರ ಜೂನ್ 16ರಂದು, ಎಂದರೆ ಸ್ಲೋಕಮ್ ಉರಿದ ಮರುದಿನ. ಡಬ್ಲಿನ್ನಿನ ಬೀದಿಗಳ ಮಾತಿನಲ್ಲಿ ಆ ಸುದ್ದಿ ಸುಳಿದುಹೋಗುತ್ತದೆ. ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದವನು ಮಾರ್ಕ್ ಟ್ವೇನ್.

1858ರಲ್ಲಿ ಅವನು ಇನ್ನೂ ಸ್ಯಾಮ್ಯುಯೆಲ್ ಕ್ಲೆಮೆನ್ಸ್, 22 ವರ್ಷದ ಯುವಕ, ಮಿಸಿಸಿಪ್ಪಿಯಲ್ಲಿ ಪೈಲಟ್ ವಿದ್ಯೆ ಕಲಿಯುತ್ತಿದ್ದವನು. ಪೆನ್ಸಿಲ್ವೇನಿಯಾ ಎಂಬ ಹಡಗಿನಲ್ಲಿ ತನ್ನ ತಮ್ಮ ಹೆನ್ರಿಗೆ ಒಂದು ಸಣ್ಣ ಗುಮಾಸ್ತಿಕೆಯನ್ನು ಅವನೇ ಕೊಡಿಸಿದ್ದನು. ಅಲ್ಲಿನ ಪೈಲಟ್ ಹೆನ್ರಿಯ ಮೇಲೆ ಕೈಮಾಡಿದಾಗ ಅಣ್ಣ ತಿರುಗಿಬಿದ್ದು ಹೊಡೆದನು. ಅದರ ಫಲವಾಗಿ ಅವನು ಹಡಗಿನಿಂದ ಇಳಿಯಬೇಕಾಯಿತು, ತಮ್ಮ ಅಲ್ಲಿಯೇ ಉಳಿದನು. ಜೂನ್ 13ರಂದು ಮೆಂಫಿಸ್‌ನ ಕೆಳಗಡೆ ಪೆನ್ಸಿಲ್ವೇನಿಯಾದ ಬಾಯ್ಲರ್‌ಗಳು ಸಿಡಿದವು. ಹಿಂದಿನಿಂದ ಇನ್ನೊಂದು ಹಡಗಿನಲ್ಲಿ ಬರುತ್ತಿದ್ದ ಅಣ್ಣ ಮೆಂಫಿಸ್ ತಲುಪಿದಾಗ ತಮ್ಮ ಸುಟ್ಟಗಾಯಗಳಿಂದ ಮಲಗಿದ್ದನು. ಜೂನ್ 21ರಂದು ಹೆನ್ರಿ ತೀರಿಕೊಂಡನು. ಅವನಿಗಿನ್ನೂ 20 ತುಂಬಿರಲಿಲ್ಲ.

1883ರಲ್ಲಿ ಪ್ರಕಟವಾದ ಲೈಫ್ ಆನ್ ದ ಮಿಸಿಸಿಪ್ಪಿ ಕೃತಿಯಲ್ಲಿ ಟ್ವೇನ್ ಈ ಘಟನೆಯನ್ನು ಬರೆದಿದ್ದಾನೆ. ಹಾಸ್ಯಕ್ಕೆ ಹೆಸರಾದ ಲೇಖಕನ ದನಿ ಅಲ್ಲಿ ತಗ್ಗುತ್ತದೆ. ಕೆಲಸ ಕೊಡಿಸಿದವನು ತಾನು, ಹಡಗಿನಲ್ಲಿ ಇಲ್ಲದೆ ಹೋದವನು ತಾನು ಎಂಬ ಭಾವ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಮುದಿತನದಲ್ಲಿ ಹೇಳಿ ಬರೆಯಿಸಿದ ಆತ್ಮಕಥನದಲ್ಲಿಯೂ ಅವನು ಮತ್ತೆ ಈ ಸಾವಿಗೆ ಹಿಂದಿರುಗುತ್ತಾನೆ. ಯಾವ ನ್ಯಾಯಾಲಯವೂ ಅವನನ್ನು ತಪ್ಪಿತಸ್ಥನೆನ್ನುತ್ತಿರಲಿಲ್ಲ. ಬಾಯ್ಲರ್ ಅವನದಲ್ಲ, ಬೆಂಕಿ ಅವನದಲ್ಲ, ಲಾಭವೂ ಅವನದಲ್ಲ.

ಸುಲ್ತಾನಾದ ತೇಪೆಗೆ ಒಪ್ಪಿದವರ, ಸ್ಲೋಕಮ್‌ನ ಕೊಳೆತ ಕಾರ್ಕಿಗೆ ಸಹಿ ಹಾಕಿದವರ, ಈಸ್ಟ್‌ಲ್ಯಾಂಡಿನ ಒಡೆಯರ ಮಾತುಗಳು ವಿಚಾರಣೆಯ ದಾಖಲೆಗಳಲ್ಲಿವೆ. ಅಲ್ಲಿ ಪ್ರತಿಯೊಬ್ಬನೂ ಹೊಣೆಯನ್ನು ಮತ್ತೊಬ್ಬನ ಕಡೆಗೆ ದಾಟಿಸುತ್ತಾನೆ. ದಾಟಿಸಲು ಕಾನೂನು ದಾರಿ ಮಾಡಿಕೊಟ್ಟಿತ್ತು. ಅದೇ ಕಾಲದ, ಅದೇ ನದಿಯ ಇನ್ನೊಂದು ಬರಹದಲ್ಲಿ ತನ್ನದಲ್ಲದ ಹೊಣೆಯನ್ನು ಒಬ್ಬ ಅಣ್ಣ ಜೀವಮಾನವಿಡೀ ಹೊತ್ತಿದ್ದಾನೆ. ಟ್ವೇನ್‌ನ ಆ ಅಧ್ಯಾಯವನ್ನು ಅಂದಿನ ಶಾಸನಗಳ ಪಕ್ಕದಲ್ಲಿಟ್ಟು ಓದುವಂತೆ ಸಂಶೋಧನಾರ್ಥಿಗಳಲ್ಲಿ ನನ್ನ ಕೋರಿಕೆ. ಶಾಸನ ಎಷ್ಟು ಜನ ಸತ್ತರೆಂದು ಕೇಳುತ್ತದೆ, ಹಡಗಿನ ಬೆಲೆ ಎಷ್ಟೆಂದು ಕೇಳುತ್ತದೆ. ಸತ್ತವನೊಬ್ಬನಿಗೆ ಹೆನ್ರಿ ಎಂಬ ಹೆಸರಿತ್ತು, ಅವನಿಗೊಬ್ಬ ಅಣ್ಣನಿದ್ದನು ಎಂಬುದು ತಿಳಿಯುವುದು ಸಾಹಿತ್ಯದಿಂದ. ಸುಲ್ತಾನಾದ ಪಟ್ಟಿಯಲ್ಲಿ ಬರೆಯದೆ ಹೋದ ಹೆಸರುಗಳಿಗೆ ಅಂಥ ಅಣ್ಣಂದಿರು ಎಷ್ಟು ಜನ ಇದ್ದರೋ, ಅವರಲ್ಲಿ ಬರೆಯಬಲ್ಲವರು ಹೆಚ್ಚು ಮಂದಿ ಇರಲಿಲ್ಲ.